ರೆಡ್‌ಫರ್ನ್, ನೀಲ್

ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ, ತರಬೇತುದಾರ. ಹುಟ್ಟಿದ್ದು 1965ರ ಜೂನ್ 20ರಂದು, ಪಶ್ಚಿಮ ಯಾರ್ಕ್‌ಶೈರಿನ ಡ್ಯೂಸ್‌ಬರಿಯಲ್ಲಿ. 1982ರಿಂದ 2004ರವರೆಗಿನ ಇಪ್ಪತ್ತೆರಡು ಋತುಗಳಲ್ಲಿ ಹದಿಮೂರು ಕ್ಲಬ್‌ಗಳ ಪರವಾಗಿ ಮಿಡ್‌ಫೀಲ್ಡಿನಲ್ಲಿ ಆಡಿದ ಇವರ ಲೀಗ್ ಪಂದ್ಯಗಳ ಸಂಖ್ಯೆ 790. ಕಪ್ ಪಂದ್ಯಗಳನ್ನೂ ಆಮೇಲೆ ಸಣ್ಣಪುಟ್ಟ ಊರುಗಳ ತಂಡಗಳಿಗೆ ಆಡಿದ ಪಂದ್ಯಗಳನ್ನೂ ಕೂಡಿಸಿದರೆ ಲೆಕ್ಕ ಸಾವಿರ ದಾಟುತ್ತದೆ. ಇಂಗ್ಲೆಂಡಿನ ಲೀಗ್ ಚರಿತ್ರೆಯಲ್ಲಿ ಇದಕ್ಕಿಂತ ಹೆಚ್ಚು ಪಂದ್ಯ ಆಡಿದವರು ಬೆರಳೆಣಿಕೆಯಷ್ಟು ಮಂದಿ. ಗೋಲ್‌ಕೀಪರ್ ಪೀಟರ್ ಶಿಲ್ಟನ್ 1,005 ಪಂದ್ಯಗಳೊಂದಿಗೆ ಮೊದಲ ಸ್ಥಾನದಲ್ಲಿದ್ದಾರೆ. ಮೈದಾನದಲ್ಲಿ ಓಡಿ ಆಡುವವರಲ್ಲಿ 931 ಪಂದ್ಯಗಳ ಟೋನಿ ಫೋರ್ಡ್ ಅಗ್ರಗಣ್ಯರು. ರೆಡ್‌ಫರ್ನ್ ಇಂಗ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಒಮ್ಮೆಯೂ ಆಯ್ಕೆಯಾಗಲಿಲ್ಲ. 790ರಲ್ಲಿ 700ಕ್ಕೂ ಹೆಚ್ಚು ಪಂದ್ಯಗಳು ಎರಡನೆಯ, ಮೂರನೆಯ, ನಾಲ್ಕನೆಯ ಹಂತದ ಲೀಗುಗಳಲ್ಲಿ ನಡೆದವು.

ಇಂಥ ಆಟಗಾರನನ್ನು ಅಲ್ಲಿಯವರು ‘ಜರ್ನಿಮನ್’ ಎನ್ನುತ್ತಾರೆ. ಊರಿಂದೂರಿಗೆ ಪ್ರಯಾಣ ಮಾಡುವವನು ಎಂಬ ಅರ್ಥ ಮೊದಲು ಹೊಳೆಯುವುದು ಸಹಜ. ಆದರೆ ಪದದ ಬೇರು ಫ್ರೆಂಚಿನ ‘ಜೂರ್ನೆ’ಯಲ್ಲಿದೆ, ಅದರ ಅರ್ಥ ಒಂದು ದಿನ, ಒಂದು ದಿನದ ದುಡಿಮೆ. ಗುರುವಿನ ಕೈಕೆಳಗೆ ಕಸುಬು ಕಲಿತು ಮುಗಿಸಿದ, ಆದರೆ ಸ್ವಂತ ಅಂಗಡಿ ಇಟ್ಟಿರದ ಬಡಗಿಯನ್ನೋ ದರ್ಜಿಯನ್ನೋ ಹಿಂದೆ ಹೀಗೆ ಕರೆಯುತ್ತಿದ್ದರು. ಕಸುಬು ಬಲ್ಲವನು, ಕೂಲಿಗೆ ತಕ್ಕ ಕೆಲಸ ಮಾಡುವವನು ಎಂಬ ಭಾವ ಪದದೊಳಗೇ ಇದೆ. ಇಂದಿನ ಪತ್ರಿಕೆಗಳು ‘ತಾರೆಯಾಗಲು ಆಗದವನು’ ಎಂಬರ್ಥದಲ್ಲಿ ಅದನ್ನು ಬಳಸುವುದುಂಟು. ರೆಡ್‌ಫರ್ನ್ ಅವರ ವೃತ್ತಿಜೀವನಕ್ಕೆ ಹೊಂದುವುದು ಹಳೆಯ ಅರ್ಥವೇ.

ಈ ಬದುಕು ತಿಳಿಯಬೇಕಾದರೆ ಅಲ್ಲಿಯ ಲೀಗಿನ ಕಟ್ಟಡವನ್ನು ಸ್ವಲ್ಪ ನೋಡಬೇಕು. 1888ರಲ್ಲಿ ಹನ್ನೆರಡು ಕ್ಲಬ್‌ಗಳಿಂದ ಆರಂಭವಾದ ಫುಟ್‌ಬಾಲ್ ಲೀಗ್ ಬೆಳೆಯುತ್ತ ನಾಲ್ಕು ಹಂತಗಳಾಗಿ, 92 ಕ್ಲಬ್‌ಗಳಾಗಿ ನಿಂತಿತು. 1992ರಲ್ಲಿ ಮೇಲಿನ ಹಂತ ಬೇರೆಯಾಗಿ ಪ್ರೀಮಿಯರ್ ಲೀಗ್ ಆಯಿತು; ಟೆಲಿವಿಷನ್ ಹಣದ ಬಹುಪಾಲು ಅಲ್ಲಿಗೆ ಹರಿಯತೊಡಗಿತು. ಆದರೆ ಬಡ್ತಿ, ಹಿಂಬಡ್ತಿಯ ಬಾಗಿಲುಗಳು ಮುಚ್ಚಲಿಲ್ಲ. ಪ್ರತಿ ಮೇ ತಿಂಗಳಲ್ಲಿ ಕೆಲವು ಊರುಗಳು ಮೇಲಕ್ಕೆ ಹೋಗುತ್ತವೆ, ಕೆಲವು ಕೆಳಕ್ಕಿಳಿಯುತ್ತವೆ. 1987ರಿಂದ ನಾಲ್ಕನೆಯ ಹಂತದ ಕಡೆಯ ತಂಡ ಲೀಗಿನಿಂದಲೇ ಹೊರಬೀಳುವ ವ್ಯವಸ್ಥೆಯೂ ಬಂತು. ಕೆಳ ಹಂತದ ಆಟಗಾರನ ಕರಾರು ಸಾಮಾನ್ಯವಾಗಿ ಒಂದೆರಡು ವರ್ಷದ್ದು. ಕ್ಲಬ್ ಕೆಳಗಿಳಿದರೆ ಸಂಬಳದ ಹೊರೆ ಇಳಿಸಲು ಅವನನ್ನು ಮಾರುತ್ತಾರೆ. ಮೇಲೇರಿದರೂ ಇನ್ನೂ ಉತ್ತಮ ಆಟಗಾರನನ್ನು ತರಬೇಕೆಂದು ಅವನನ್ನೇ ಮಾರುವುದುಂಟು. ಈ ಎರಡೂ ರೆಡ್‌ಫರ್ನ್ ಅವರಿಗೆ ಆದವು.

ಡ್ಯೂಸ್‌ಬರಿ ಹಳೆಯ ಉಣ್ಣೆಗಿರಣಿಗಳ ಊರು. ಚಿಂದಿ ಉಣ್ಣೆಬಟ್ಟೆಯನ್ನು ಎಳೆಯೆಳೆಯಾಗಿ ಬಿಡಿಸಿ ಮತ್ತೆ ನೂಲು ಮಾಡುವ ಉದ್ಯಮ ಬೆಳೆದದ್ದು ಆ ಸೀಮೆಯಲ್ಲಿ. ಸುತ್ತಲಿನ ಊರುಗಳಲ್ಲಿ ಫುಟ್‌ಬಾಲಿಗಿಂತ ರಗ್ಬಿಯ ಹುಚ್ಚೇ ಹೆಚ್ಚು. ಆದರೆ ರೆಡ್‌ಫರ್ನ್ ಅವರ ಮನೆಯಲ್ಲಿ ಫುಟ್‌ಬಾಲ್ ಇತ್ತು. ತಂದೆ ಬ್ರಯಾನ್ ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ ಕ್ಲಬ್ಬಿಗೆ ಆಡಿದ ವೃತ್ತಿಪರ ಆಟಗಾರ. ಮಗ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ ಹುಡುಗನಾಗಿದ್ದಾಗ ಕಸುಬು ಕಲಿತು, 1982ರಲ್ಲಿ ಬೋಲ್ಟನ್ ವಾಂಡರರ್ಸ್ ಸೇರಿದರು. ಆಗ ಹದಿನೇಳು ವರ್ಷ. ಮೊದಲ ಋತುವಿನಲ್ಲೇ ಬೋಲ್ಟನ್ ಎರಡನೆಯ ಹಂತದಿಂದ ಮೂರನೆಯದಕ್ಕೆ ಇಳಿಯಿತು. 35 ಪಂದ್ಯ, ಒಂದು ಗೋಲು: ಅಲ್ಲಿಯ ಲೆಕ್ಕ ಇಷ್ಟೇ. 1984ರಲ್ಲಿ ಮೂರನೆಯ ಹಂತದ ಲಿಂಕನ್ ಸಿಟಿ ಅವರನ್ನು 8,250 ಪೌಂಡಿಗೆ ಕೊಂಡಿತು.

ಲಿಂಕನ್‌ಗೆ ಆಡಿದ್ದು ಸರಿಯಾಗಿ 100 ಲೀಗ್ ಪಂದ್ಯ. ವಾರವಾರವೂ ಆಡುವ ಅಭ್ಯಾಸ, ಗಾಯಗಳನ್ನು ಸಹಿಸಿಕೊಂಡು ಶನಿವಾರಕ್ಕೆ ಸಿದ್ಧವಾಗುವ ಕಟ್ಟುನಿಟ್ಟು ಬೆಳೆದದ್ದು ಇಲ್ಲಿ. ಆದರೆ ಆ ಎರಡು ವರ್ಷಗಳಲ್ಲಿ ಎಂದೂ ಮಾಸದ ಒಂದು ದಿನವಿದೆ: 1985ರ ಮೇ 11. ಲಿಂಕನ್ ತಂಡ ಬ್ರಾಡ್‌ಫರ್ಡ್ ಸಿಟಿಯ ಮೈದಾನ ವ್ಯಾಲಿ ಪೆರೇಡ್‌ಗೆ ಋತುವಿನ ಕೊನೆಯ ಪಂದ್ಯಕ್ಕೆ ಹೋಗಿತ್ತು. ಬ್ರಾಡ್‌ಫರ್ಡ್ ಆಗಲೇ ಮೂರನೆಯ ಹಂತದ ಚಾಂಪಿಯನ್. ಪಂದ್ಯಕ್ಕೆ ಮುಂಚೆ ಟ್ರೋಫಿ ಕೊಟ್ಟಾಗಿತ್ತು, ಊರಿಗೆ ಊರೇ ಹಬ್ಬದ ಉಡುಪಿನಲ್ಲಿ ಬಂದಿತ್ತು. ಮೊದಲರ್ಧ ಮುಗಿಯಲು ಐದಾರು ನಿಮಿಷ ಇರುವಾಗ ಮರದ ಹಳೆಯ ಸ್ಟ್ಯಾಂಡಿನ ಒಂದು ತುದಿಯಲ್ಲಿ ಹೊಗೆ ಕಾಣಿಸಿತು. ಹಲಗೆಗಳ ಸಂದಿಯಿಂದ ಬಿದ್ದು ವರ್ಷಗಟ್ಟಲೆ ಶೇಖರವಾಗಿದ್ದ ಕಾಗದ, ಕಸಕ್ಕೆ ಬೆಂಕಿ ತಗಲಿತ್ತು. ಚಾವಣಿಯಡಿ ಗಾಳಿ ಸೇರಿ ಕೆಲವೇ ನಿಮಿಷಗಳಲ್ಲಿ ಇಡೀ ಸ್ಟ್ಯಾಂಡ್ ಉರಿದುಹೋಯಿತು. ಮುಂದೆ ಇದ್ದವರು ಮೈದಾನಕ್ಕೆ ಇಳಿದು ಉಳಿದುಕೊಂಡರು. ಹಿಂದಿನ ಬಾಗಿಲುಗಳತ್ತ ಓಡಿದವರಲ್ಲಿ ಅನೇಕರಿಗೆ ಬೀಗ ಹಾಕಿದ ಬಾಗಿಲುಗಳೇ ಎದುರಾದವು. 56 ಮಂದಿ ತೀರಿಕೊಂಡರು. ಅವರಲ್ಲಿ ಇಬ್ಬರು ಲಿಂಕನ್ ಅಭಿಮಾನಿಗಳು. ಮರದ ಆ ಸ್ಟ್ಯಾಂಡನ್ನು ಅದೇ ಬೇಸಿಗೆಯಲ್ಲಿ ಕೆಡವಿ ಕಟ್ಟುವುದೆಂದು ಮೊದಲೇ ಗೊತ್ತಾಗಿತ್ತು. ಆ ಲಿಂಕನ್ ತಂಡದಲ್ಲಿದ್ದ ರೆಡ್‌ಫರ್ನ್ ಅವರಿಗೆ ಇಪ್ಪತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು. ಹದಿನಾಲ್ಕು ವರ್ಷಗಳ ಬಳಿಕ ಅದೇ ಮೈದಾನವನ್ನು ತವರು ಮಾಡಿಕೊಂಡು, ಬ್ರಾಡ್‌ಫರ್ಡ್ ಸಿಟಿಯ ಅಂಗಿ ತೊಟ್ಟು ಆಡುವುದೂ ಅವರ ಪಾಲಿಗೆ ಬಂತು.

1986ರಲ್ಲಿ ಲಿಂಕನ್ ನಾಲ್ಕನೆಯ ಹಂತಕ್ಕೆ ಇಳಿಯಿತು, ರೆಡ್‌ಫರ್ನ್ ಡಾನ್‌ಕಾಸ್ಟರ್ ರೋವರ್ಸ್‌ಗೆ ಹೊರಟರು. ಮರುವರ್ಷವೇ ಲಿಂಕನ್ ಕಡೆಯ ಸ್ಥಾನಕ್ಕೆ ಬಿದ್ದು, ಹೊಸ ನಿಯಮದಂತೆ ಲೀಗಿನಿಂದ ನೇರವಾಗಿ ಹೊರಬಿದ್ದ ಮೊದಲ ಕ್ಲಬ್ ಆಯಿತು. ಡಾನ್‌ಕಾಸ್ಟರಿನಲ್ಲಿ ಒಂದೇ ಋತು, 46 ಪಂದ್ಯ, 14 ಗೋಲು. ಮಿಡ್‌ಫೀಲ್ಡರನಿಗೆ ಇದು ಕಣ್ಣಿಗೆ ಬೀಳುವ ಲೆಕ್ಕ. ಬಿದ್ದದ್ದು ಕ್ರಿಸ್ಟಲ್ ಪ್ಯಾಲೆಸ್‌ನ ಮ್ಯಾನೇಜರ್ ಸ್ಟೀವ್ ಕೊಪ್ಪೆಲ್ ಅವರ ಕಣ್ಣಿಗೆ. 1987ರಲ್ಲಿ ದಕ್ಷಿಣ ಲಂಡನ್ನಿಗೆ ಬಂದ ರೆಡ್‌ಫರ್ನ್‌ಗೆ ಅಲ್ಲಿ ಇಯಾನ್ ರೈಟ್, ಮಾರ್ಕ್ ಬ್ರೈಟ್ ಜೋಡಿಯ ಹಿಂದೆ ಆಡುವ ಕೆಲಸ. 1988ರ ಕೊನೆಯಲ್ಲಿ ಅವರು ವಾಟ್‌ಫರ್ಡ್‌ಗೆ ಹೋದರು. ಪ್ಯಾಲೆಸ್ ಮುಂದಿನ ಬೇಸಿಗೆಯಲ್ಲೇ ಮೇಲಿನ ಹಂತಕ್ಕೆ ಏರಿತು. ಊರು ಸಂಭ್ರಮಿಸುವಾಗ ಅದಕ್ಕಾಗಿ ದುಡಿದವನೊಬ್ಬ ಬೇರೆ ಊರಿನಲ್ಲಿರುವುದು ಈ ವೃತ್ತಿಯಲ್ಲಿ ಪದೇಪದೇ ಕಾಣುವ ಸಂಗತಿ, ರೆಡ್‌ಫರ್ನ್ ಅವರ ಜೀವನದಲ್ಲಂತೂ ಇದು ಕಡೆಯ ಸಲವಲ್ಲ.

1990ರ ಆರಂಭದಲ್ಲಿ ಓಲ್ಡಂ ಅಥ್ಲೆಟಿಕ್ ಸೇರಿದರು. ಮ್ಯಾಂಚೆಸ್ಟರಿನ ಪಕ್ಕದ ಈ ಹತ್ತಿಗಿರಣಿಗಳ ಊರಿನ ಮೈದಾನ ಬೌಂಡರಿ ಪಾರ್ಕ್ ಬೆಟ್ಟದ ಗಾಳಿಗೆ ಮೈಯೊಡ್ಡಿ ನಿಂತಿದೆ. ಹುಲ್ಲಿನ ಬದಲು ಆಗ ಅಲ್ಲಿ ಪ್ಲಾಸ್ಟಿಕ್ ಹಾಸು ಇತ್ತು. ಚೆಂಡು ಎಲ್ಲೆಂದರಲ್ಲಿ ಪುಟಿಯುವ ಆ ನೆಲ ಎದುರಾಳಿಗಳಿಗೆ ಕಂಟಕ. ಜೋ ರಾಯ್ಲ್ ಮ್ಯಾನೇಜರ್ ಆಗಿದ್ದ ತಂಡ ಧೈರ್ಯವಾಗಿ ಮುನ್ನುಗ್ಗಿ ಆಡುತ್ತಿತ್ತು, ರೆಡ್‌ಫರ್ನ್ ಸ್ವಭಾವಕ್ಕೆ ಅದು ಹೇಳಿ ಮಾಡಿಸಿದಂತಿತ್ತು.

1991ರ ಮೇ 11. ಬ್ರಾಡ್‌ಫರ್ಡಿನ ಬೆಂಕಿಗೆ ಅಂದಿಗೆ ಸರಿಯಾಗಿ ಆರು ವರ್ಷ. ಎರಡನೆಯ ಹಂತದ ಕೊನೆಯ ದಿನ ಓಲ್ಡಂ ತವರಿನಲ್ಲಿ ಷೆಫೀಲ್ಡ್ ವೆನ್ಸ್‌ಡೇಯನ್ನು ಎದುರಿಸಿತು. ಬಡ್ತಿ ಆಗಲೇ ಖಚಿತವಾಗಿತ್ತು. ಚಾಂಪಿಯನ್ ಪಟ್ಟ ಬೇಕಾದರೆ ಗೆಲ್ಲಲೇಬೇಕು, ಜೊತೆಗೆ ವೆಸ್ಟ್ ಹ್ಯಾಮ್ ಎಡವಬೇಕು. ಓಲ್ಡಂ 0-2 ಹಿಂದೆ ಬಿತ್ತು. ಆಮೇಲೆ ಒಂದು ಗೋಲು, ಇನ್ನೊಂದು ಗೋಲು, 2-2. ವೆಸ್ಟ್ ಹ್ಯಾಮ್ ತನ್ನ ಪಂದ್ಯ ಸೋತಿತ್ತು. ತೊಂಬತ್ತು ನಿಮಿಷ ಮುಗಿದು ಗಾಯಗಳಿಗಾಗಿ ಸೇರಿಸಿದ ಸಮಯ ಓಡುತ್ತಿರುವಾಗ ಓಲ್ಡಂಗೆ ಪೆನಾಲ್ಟಿ ಸಿಕ್ಕಿತು. ಚೆಂಡನ್ನು ಗುರುತಿನ ಮೇಲಿಟ್ಟವರು ರೆಡ್‌ಫರ್ನ್. ಹನ್ನೆರಡು ಗಜದ ದೂರ, ಎದುರಿಗೆ ಗೋಲ್‌ಕೀಪರ್, ಗೆರೆಯಾಚೆ ಮೈದಾನಕ್ಕೆ ನುಗ್ಗಲು ಕಾದು ನಿಂತ ಸಾವಿರಾರು ಜನ. ಚೆಂಡು ಬಲೆ ಸೇರಿತು. 3-2. ಅದು ಋತುವಿನ ಬಹುತೇಕ ಕೊನೆಯ ಒದೆತ. 1923ರಲ್ಲಿ ಮೇಲಿನ ಹಂತ ಬಿಟ್ಟಿದ್ದ ಓಲ್ಡಂ 68 ವರ್ಷಗಳ ಬಳಿಕ ಅಲ್ಲಿಗೆ ಚಾಂಪಿಯನ್ ಆಗಿಯೇ ಮರಳಿತು. ಓಲ್ಡಂನ ಹಿರಿಯರು ಇಂದಿಗೂ ಆ ಒಂದು ಒದೆತದಿಂದ ರೆಡ್‌ಫರ್ನ್ ಹೆಸರನ್ನು ನೆನೆಯುತ್ತಾರೆ.

ಮೇಲಿನ ಹಂತದ ಋತು ಆರಂಭವಾಗಿ ಕೆಲವೇ ವಾರಗಳಾಗಿದ್ದವು. 1991ರ ಸೆಪ್ಟೆಂಬರಿನಲ್ಲಿ ಓಲ್ಡಂ ರೆಡ್‌ಫರ್ನ್ ಅವರನ್ನು 1,50,000 ಪೌಂಡಿಗೆ ಎರಡನೆಯ ಹಂತದ ಬಾರ್ನ್ಸ್ಲಿಗೆ ಮಾರಿತು. ಬಾಗಿಲು ತೆರೆದುಕೊಟ್ಟವರು ಹೊಸಿಲಾಚೆಯೇ ಉಳಿದರು.

ಆದರೆ ಬಾರ್ನ್ಸ್ಲಿಯಲ್ಲಿ ಅವರು ಏಳು ವರ್ಷ ನಿಂತರು. ಹದಿಮೂರು ಕ್ಲಬ್‌ಗಳ ಈ ಬದುಕಿನ ನಡುಕಂಬ ಇದೇ: 292 ಲೀಗ್ ಪಂದ್ಯ, 71 ಗೋಲು. ದಕ್ಷಿಣ ಯಾರ್ಕ್‌ಶೈರಿನ ಬಾರ್ನ್ಸ್ಲಿ ಕಲ್ಲಿದ್ದಲಿನ ಊರು. 1984–85ರ ಗಣಿಕಾರ್ಮಿಕರ ಮುಷ್ಕರ ಸೋತ ಮೇಲೆ ಸುತ್ತಲಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಗ್ರೈಮ್‌ಥಾರ್ಪ್ ಗಣಿ 1993ರಲ್ಲಿ ನಿಂತಿತು. ತಂದೆ, ಅಜ್ಜ ದುಡಿದ ಜಾಗದಲ್ಲಿ ಮಕ್ಕಳಿಗೆ ಕೆಲಸವಿರಲಿಲ್ಲ. ಊರಿನಲ್ಲಿ ಉಳಿದಿದ್ದ ದೊಡ್ಡ ಸಂಸ್ಥೆಗಳಲ್ಲಿ ಒಂದು ಓಕ್‌ವೆಲ್ ಮೈದಾನದ ಫುಟ್‌ಬಾಲ್ ಕ್ಲಬ್. 1887ರಲ್ಲಿ ಒಬ್ಬ ಪಾದ್ರಿ ಕಟ್ಟಿದ ಈ ಕ್ಲಬ್ 1912ರಲ್ಲಿ ಎಫ್‌ಎ ಕಪ್ ಗೆದ್ದಿತ್ತು. ಆದರೆ ಒಮ್ಮೆಯೂ ಮೇಲಿನ ಹಂತ ತಲುಪಿರಲಿಲ್ಲ. ಎರಡನೆಯ ಹಂತದಲ್ಲಿ ಬಾರ್ನ್ಸ್ಲಿಯಷ್ಟು ಋತು ಕಳೆದ ಕ್ಲಬ್ ಇಂಗ್ಲೆಂಡಿನಲ್ಲಿ ಇನ್ನೊಂದಿಲ್ಲ.

ರೆಡ್‌ಫರ್ನ್ ಆಟದ ಬಗೆ ಇಲ್ಲಿ ಪೂರ್ತಿ ಅರಳಿತು. ಅವರು ಚೆಂಡಿನ ಮಾಂತ್ರಿಕರಲ್ಲ. ಅವರ ಬಲ ಮೂರು ಕಡೆ ಇತ್ತು. ತಮ್ಮ ಪೆನಾಲ್ಟಿ ಚೌಕದಿಂದ ಎದುರಾಳಿಯ ಚೌಕದವರೆಗೆ ತೊಂಬತ್ತು ನಿಮಿಷವೂ ಓಡುವ ಕಸುವು ಒಂದು. ಸ್ಟ್ರೈಕರುಗಳು ರಕ್ಷಣೆಯ ಆಟಗಾರರನ್ನು ಸೆಳೆದುಕೊಂಡು ಹೋದಾಗ ತೆರವಾದ ಜಾಗಕ್ಕೆ ತಡವಾಗಿ, ಯಾರ ಕಣ್ಣಿಗೂ ಬೀಳದೆ ನುಗ್ಗುವ ಜಾಣ್ಮೆ ಇನ್ನೊಂದು. ಮಿಡ್‌ಫೀಲ್ಡರ್ ಇಷ್ಟೊಂದು ಗೋಲು ಹೊಡೆದದ್ದು ಹಾಗೆ. ಮೂರನೆಯದು ಪೆನಾಲ್ಟಿ, ಫ್ರೀ ಕಿಕ್ ತೆಗೆದುಕೊಳ್ಳುವಾಗಿನ ತಣ್ಣನೆಯ ತಲೆ. ಕೆಳ ಹಂತದ ಮೈದಾನಗಳು ಜನವರಿ, ಫೆಬ್ರುವರಿಯಲ್ಲಿ ಕೆಸರುಗದ್ದೆಯಾಗುತ್ತಿದ್ದ ಕಾಲವದು. ಒಂದು ಋತುವಿನಲ್ಲಿ 46 ಲೀಗ್ ಪಂದ್ಯ, ಶನಿವಾರ ಒಂದು, ಮಂಗಳವಾರ ರಾತ್ರಿ ಇನ್ನೊಂದು. ವರ್ಷಕ್ಕೆ ಸರಾಸರಿ 35ಕ್ಕೂ ಹೆಚ್ಚು ಪಂದ್ಯಗಳಂತೆ ಇಪ್ಪತ್ತೆರಡು ವರ್ಷ ಆಡುವುದಕ್ಕೆ ಬೇಕಾದ ದೇಹಶಿಸ್ತನ್ನು ನಾವು ಪ್ರತಿಭೆ ಎಂದು ಕರೆಯುವುದಿಲ್ಲ, ಕರೆಯಬೇಕು.

ಮೊದಲು ಮಿಡ್‌ಫೀಲ್ಡಿನಲ್ಲಿ ಜೊತೆಗಾರರಾಗಿದ್ದ ಡ್ಯಾನಿ ವಿಲ್ಸನ್ 1994ರಲ್ಲಿ ಮ್ಯಾನೇಜರ್ ಆದರು, ರೆಡ್‌ಫರ್ನ್ ನಾಯಕರಾದರು. 1996–97ರ ಋತುವಿನಲ್ಲಿ ತಂಡ ಚೆಂಡನ್ನು ನೆಲದ ಮೇಲೇ ಹರಿಸುತ್ತ ಆಡಿದ ಚೆಂದಕ್ಕೆ ಅಭಿಮಾನಿಗಳು ತಮ್ಮ ಊರ ಹುಡುಗರನ್ನು ಬ್ರೆಜಿಲ್‌ಗೆ ಹೋಲಿಸಿ ಹಾಡತೊಡಗಿದರು. 1997ರ ಏಪ್ರಿಲ್ 26ರಂದು ಓಕ್‌ವೆಲ್‌ನಲ್ಲಿ ಬ್ರಾಡ್‌ಫರ್ಡ್ ಸಿಟಿಯನ್ನು 2-0ರಿಂದ ಸೋಲಿಸಿದಾಗ, ಕ್ಲಬ್ ಹುಟ್ಟಿ 110 ವರ್ಷಗಳ ಬಳಿಕ ಬಾರ್ನ್ಸ್ಲಿ ಮೊದಲ ಬಾರಿ ಮೇಲಿನ ಹಂತಕ್ಕೆ ಏರಿತು.

1997ರ ಆಗಸ್ಟ್ 9ರಂದು, ವೃತ್ತಿಗೆ ಕಾಲಿಟ್ಟು ಹದಿನೈದು ವರ್ಷಗಳಾದ ಮೇಲೆ, ಮೂವತ್ತೆರಡನೆಯ ವಯಸ್ಸಿನಲ್ಲಿ ರೆಡ್‌ಫರ್ನ್ ಪ್ರೀಮಿಯರ್ ಲೀಗಿನ ತಮ್ಮ ಮೊದಲ ಪಂದ್ಯ ಆಡಿದರು. ವೆಸ್ಟ್ ಹ್ಯಾಮ್ ವಿರುದ್ಧ ಆರಂಭದಲ್ಲೇ ತಲೆಯಿಂದ ಚೆಂಡನ್ನು ಬಲೆಗೆ ಅಟ್ಟಿದರು. ಬಾರ್ನ್ಸ್ಲಿಯ ಚರಿತ್ರೆಯಲ್ಲಿ ಮೇಲಿನ ಹಂತದ ಮೊದಲ ಗೋಲು ನಾಯಕನದೇ. ಪಂದ್ಯ ಮಾತ್ರ 1-2ರಿಂದ ಕೈತಪ್ಪಿತು. ಆ ಋತು ಕಠಿಣವಾಗಿತ್ತು. ಚೆಲ್ಸಿ ಓಕ್‌ವೆಲ್‌ಗೇ ಬಂದು ಆರು ಗೋಲು ಹೊಡೆದುಹೋಯಿತು, ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಮೈದಾನದಲ್ಲಿ ಏಳು. ಅದೇ ಬಾರ್ನ್ಸ್ಲಿ ಲಿವರ್‌ಪೂಲನ್ನು ಆನ್‌ಫೀಲ್ಡ್‌ನಲ್ಲೇ 1-0ರಿಂದ ಸೋಲಿಸಿತು, ಎಫ್‌ಎ ಕಪ್ಪಿನಿಂದ ಮ್ಯಾಂಚೆಸ್ಟರ್ ಯುನೈಟೆಡನ್ನು 3-2ರಿಂದ ಹೊರಹಾಕಿತು. 1998ರ ಮಾರ್ಚ್ 28ರಂದು ಲಿವರ್‌ಪೂಲ್ ಓಕ್‌ವೆಲ್‌ಗೆ ಬಂದಾಗ ನಡೆದದ್ದನ್ನು ಬಾರ್ನ್ಸ್ಲಿಯವರು ಮರೆತಿಲ್ಲ. ರೆಡ್‌ಫರ್ನ್ ಮುನ್ನಡೆ ತಂದರು. ಲಿವರ್‌ಪೂಲ್ ಎರಡು ಗೋಲು ಹೊಡೆಯಿತು. ಬಾರ್ನ್ಸ್ಲಿಯ ಇಬ್ಬರು ಕೆಂಪು ಕಾರ್ಡ್ ಪಡೆದು ಹೊರನಡೆದರು, ರೊಚ್ಚಿಗೆದ್ದ ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು, ರೆಫ್ರಿ ಸ್ವಲ್ಪ ಹೊತ್ತು ಒಳಗೇ ಹೋಗಿಬಿಟ್ಟರು. ಒಂಬತ್ತೇ ಜನ ಉಳಿದಿದ್ದಾಗ ಪೆನಾಲ್ಟಿ ಸಿಕ್ಕಿತು. ರೆಡ್‌ಫರ್ನ್ ಮತ್ತೆ ಗುರಿ ತಪ್ಪಲಿಲ್ಲ. 2-2. ಕೊನೆಯ ಗಳಿಗೆಯಲ್ಲಿ ಲಿವರ್‌ಪೂಲ್ ಇನ್ನೊಂದು ಗೋಲು ಹೊಡೆದು ಗೆದ್ದಿತು. ಬಾರ್ನ್ಸ್ಲಿಯ ಮೂರನೆಯವನೂ ಹೊರಬಿದ್ದ.

35 ಅಂಕಗಳೊಂದಿಗೆ ಹತ್ತೊಂಬತ್ತನೆಯ ಸ್ಥಾನ, ಹಿಂಬಡ್ತಿ. ತಂಡ ಆ ಲೀಗ್ ಋತುವಿನಲ್ಲಿ ಹೊಡೆದದ್ದು 37 ಗೋಲು. ಅವುಗಳಲ್ಲಿ 10 ರೆಡ್‌ಫರ್ನ್ ಅವರವು. ಹದಿನೈದು ವರ್ಷ ಇವರನ್ನು ಕೆಳ ಹಂತಕ್ಕೆ ತಕ್ಕವರು ಎಂದು ತೂಗಿದವರ ತಕ್ಕಡಿಯಲ್ಲೇ ದೋಷವಿತ್ತೆಂದು ಈ ಅಂಕಿಯೊಂದೇ ಸಾಕ್ಷಿ ಹೇಳುತ್ತದೆ.

ಆಮೇಲಿನದು ಬೇಗ ಹೇಳಬಹುದಾದ ಕಥೆ. 1998ರಲ್ಲಿ ಚಾರ್ಲ್ಟನ್ ಅಥ್ಲೆಟಿಕ್ 10 ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಮೂವತ್ಮೂರು ವಯಸ್ಸಿನ ಆಟಗಾರನಿಗೆ ಅದು ಸಣ್ಣ ಬೆಲೆಯಲ್ಲ. ಚಾರ್ಲ್ಟನ್ ಒಂದೇ ವರ್ಷದಲ್ಲಿ ಕೆಳಗಿಳಿಯಿತು. 1999ರಲ್ಲಿ, ಆಗಷ್ಟೇ ಪ್ರೀಮಿಯರ್ ಲೀಗಿಗೆ ಏರಿದ್ದ ಬ್ರಾಡ್‌ಫರ್ಡ್ ಸಿಟಿ. 2000ದ ಮಾರ್ಚಿನಲ್ಲಿ ಅಲ್ಲಿಂದ ಮೂರನೆಯ ಹಂತದ ವಿಗನ್. ಅವರು ಹೊರಟ ಎರಡು ತಿಂಗಳಿಗೆ ಬ್ರಾಡ್‌ಫರ್ಡ್ ಕೊನೆಯ ದಿನ ಲಿವರ್‌ಪೂಲನ್ನು ಸೋಲಿಸಿ ಮೇಲಿನ ಹಂತದಲ್ಲಿ ಉಳಿದುಕೊಂಡಿತು. 2001ರಲ್ಲಿ ಹ್ಯಾಲಿಫ್ಯಾಕ್ಸ್ ಟೌನ್. ಆಟದ ಜೊತೆ ತರಬೇತಿಯ ಕೆಲಸ, ಕುರ್ಚಿ ಖಾಲಿಯಾದಾಗ ಹಂಗಾಮಿ ಮ್ಯಾನೇಜರಿಕೆ. ಆ ಕ್ಲಬ್ 2002ರಲ್ಲಿ ಲೀಗಿನಿಂದಲೇ ಹೊರಬಿತ್ತು. ಅದೇ ಬೇಸಿಗೆಯಲ್ಲಿ ಲೀಗಿಗೆ ಮೊದಲ ಬಾರಿ ಕಾಲಿಟ್ಟ ಬೋಸ್ಟನ್ ಯುನೈಟೆಡ್‌ಗೆ ಅನುಭವಿ ಬೇಕಿತ್ತು. ಅಲ್ಲಿ 54 ಪಂದ್ಯ, ರಾಕ್‌ಡೇಲ್‌ನಲ್ಲಿ 9 ಪಂದ್ಯ. 2004ರಲ್ಲಿ ಲೀಗ್ ಆಟ ಮುಗಿಯಿತು. ವಯಸ್ಸು ಮೂವತ್ತೊಂಬತ್ತರ ಹತ್ತಿರ.

ಆಟ ಮುಗಿಯಲಿಲ್ಲ. ಸ್ಕಾರ್‌ಬರೋದಲ್ಲಿ ಆಟಗಾರ, ಆಮೇಲೆ ಮ್ಯಾನೇಜರ್. ಸಾಲದಲ್ಲಿ ಮುಳುಗಿದ ಆ ಕ್ಲಬ್ಬನ್ನು 2007ರಲ್ಲಿ ಬರಖಾಸ್ತು ಮಾಡಲಾಯಿತು. ನಲವತ್ತು ದಾಟಿದ ಮೇಲೂ ಯಾರ್ಕ್‌ಶೈರಿನ ಸಣ್ಣ ಮೈದಾನಗಳಲ್ಲಿ ಅವರು ಕಾಣಿಸಿಕೊಂಡರು. ತಂದೆ ಆಡಿದ್ದ ಬ್ರಾಡ್‌ಫರ್ಡ್ ಪಾರ್ಕ್ ಅವೆನ್ಯೂ 1970ರಲ್ಲಿ ಲೀಗ್ ಕಳೆದುಕೊಂಡು 1974ರಲ್ಲಿ ಮುಚ್ಚಿಹೋಗಿತ್ತು. ಅಭಿಮಾನಿಗಳು 1988ರಲ್ಲಿ ಮತ್ತೆ ಕಟ್ಟಿದ ಅದೇ ಹೆಸರಿನ ಕ್ಲಬ್ಬಿಗೆ ಮಗನೂ ಆಡಿದರು.

ತರಬೇತುದಾರರಾಗಿ ಯಾರ್ಕ್ ಸಿಟಿಯ ಯುವತಂಡವನ್ನು ನೋಡಿಕೊಂಡು, 2009ರಲ್ಲಿ ಲೀಡ್ಸ್ ಯುನೈಟೆಡ್‌ನ ಅಕಾಡೆಮಿ ಸೇರಿದರು. ಮ್ಯಾನೇಜರುಗಳು ಹೋದಾಗಲೆಲ್ಲ ಹಂಗಾಮಿಯಾಗಿ ತಂಡ ನಡೆಸುವ ಹೊಣೆ ಇವರ ಹೆಗಲಿಗೆ ಬೀಳುತ್ತಿತ್ತು. 2014ರ ನವೆಂಬರಿನಲ್ಲಿ, ಆ ಋತುವಿನಲ್ಲಿ ಇಬ್ಬರು ಮ್ಯಾನೇಜರುಗಳನ್ನು ವಜಾ ಮಾಡಿದ್ದ ಮಾಲೀಕ ಮಾಸ್ಸಿಮೊ ಚೆಲ್ಲಿನೊ, ರೆಡ್‌ಫರ್ನ್ ಅವರನ್ನು ಮುಖ್ಯ ಕೋಚ್ ಮಾಡಿದರು. 2015ರ ಏಪ್ರಿಲಿನಲ್ಲಿ ಅವರ ಸಹಾಯಕನನ್ನು ಕ್ಲಬ್ ಅಮಾನತು ಮಾಡಿತು; ಅದೇ ತಿಂಗಳು ಚಾರ್ಲ್ಟನ್ ಪಂದ್ಯದ ಮುನ್ನಾದಿನಗಳಲ್ಲಿ ಆರು ಆಟಗಾರರು ಗಾಯವೆಂದು ಒಟ್ಟಿಗೆ ಹಿಂದೆ ಸರಿದರು. ಇಂಥ ಗದ್ದಲದ ನಡುವೆಯೂ ತಂಡ ಹದಿನೈದನೆಯ ಸ್ಥಾನದಲ್ಲಿ ಉಳಿಯಿತು, ಕೋಚ್ ಉಳಿಯಲಿಲ್ಲ. ಬಳಿಕ ನಾಲ್ಕು ತಿಂಗಳು ರಾಥರ್‌ಹ್ಯಾಮ್. 2018ರಲ್ಲಿ ಲಿವರ್‌ಪೂಲ್ ಮಹಿಳಾ ತಂಡ, ಒಂದೇ ಲೀಗ್ ಪಂದ್ಯದ ನಂತರ ರಾಜೀನಾಮೆ. ಮುಂದೆ ಷೆಫೀಲ್ಡ್ ಯುನೈಟೆಡ್ ಮಹಿಳಾ ತಂಡ. ಮ್ಯಾನೇಜರ್ ಆಗಿ ಅವರು ಎಲ್ಲಿಯೂ ಬೇರೂರಲಿಲ್ಲ.

ಬೇರೂರಿದ್ದು ಲೀಡ್ಸ್ ಅಕಾಡೆಮಿಯಲ್ಲಿ ಮಾಡಿದ ಕೆಲಸ. ಸ್ಯಾಮ್ ಬೈರಮ್, ಅಲೆಕ್ಸ್ ಮೊವಾಟ್, ಚಾರ್ಲಿ ಟೇಲರ್, ಲೂಯಿಸ್ ಕುಕ್ ಇವರೆಲ್ಲ ಆ ಕಾಲದಲ್ಲಿ ಅಲ್ಲಿಂದ ಬಂದವರು. 2015ರ ಏಪ್ರಿಲ್ 6ರಂದು ವುಲ್ವ್ಸ್ ವಿರುದ್ಧ ರೆಡ್‌ಫರ್ನ್ ಹತ್ತೊಂಬತ್ತು ವರ್ಷದ ಸ್ಥಳೀಯ ಹುಡುಗನೊಬ್ಬನನ್ನು ಮೊದಲ ಬಾರಿ ಹಿರಿಯರ ತಂಡದಲ್ಲಿ ಇಳಿಸಿದರು. ಅವನೂ ಮಿಡ್‌ಫೀಲ್ಡರ್. ಹೆಸರು ಕ್ಯಾಲ್ವಿನ್ ಫಿಲಿಪ್ಸ್. ಲೀಡ್ಸ್ ಆ ಪಂದ್ಯವನ್ನು 3-4ರಿಂದ ಸೋತಿತು. 2021ರ ಬೇಸಿಗೆಯಲ್ಲಿ ಯುರೋ ಕಪ್ಪಿನ ಏಳೂ ಪಂದ್ಯಗಳಲ್ಲಿ, ವೆಂಬ್ಲಿಯ ಫೈನಲ್ಲಿನಲ್ಲೂ, ಫಿಲಿಪ್ಸ್ ಇಂಗ್ಲೆಂಡಿನ ಆರಂಭಿಕ ಹನ್ನೊಂದರಲ್ಲಿದ್ದರು.